ಇಪ್ಪತ್ತು ಹೆಜ್ಜೆ ದೂರದ ನಂಬರು

ನಮ್ಮ ಆಫೀಸಿನ ಅಂಗಳದಲ್ಲಿ, ಗೋಡೆಯ ಪಕ್ಕಕ್ಕೆ ಒಂದು ಹಳದಿ ಗೆರೆ ಇದೆ. ಅಲ್ಲಿಂದ ಇಪ್ಪತ್ತು ಹೆಜ್ಜೆ ಈಚೆಗೆ, ಸರಿಯಾಗಿ ನಾನು ಕೂರುತ್ತಿದ್ದ ಕಿಟಕಿಯ ಕೆಳಗೆ, ಸಿಮೆಂಟು ಸವೆದು ಎರಡು ಪಾದ ಊರುವಷ್ಟು ಜಾಗ ತಗ್ಗಾಗಿದೆ. ಮಳೆ ಬಂದರೆ ಅದರಲ್ಲಿ ನೀರು ನಿಲ್ಲುತ್ತದೆ. ಅದನ್ನು ಸವೆಸಿದವರು ಹೆಜ್ಜೆಯಣ್ಣ. ಇಪ್ಪತ್ತೇಳು ವರ್ಷ ಅಲ್ಲೇ ನಿಂತು ನಂಬರ್ ಓದಿದ ಮನುಷ್ಯ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಅದನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ನಮ್ಮದೇನು ದೊಡ್ಡ ಆಫೀಸಲ್ಲ. ರಸ್ತೆಯ ಮೇಲೆ ಓಡುವ ಗಾಡಿಗಳೆಲ್ಲ ಊರಿನ ಆ ಕಡೆಯ ಹೊಸ ಕಟ್ಟಡಕ್ಕೆ ಹೋಗುತ್ತವೆ. ರಸ್ತೆಯೇ ಇಲ್ಲದ ಕಡೆ ಓಡುವವು ನಮ್ಮ ಪಾಲಿಗೆ. ಕಲ್ಲುಗಣಿಗೆ ಹೋಗುವವು, ಗುಡ್ಡದ ಮೇಲಿನ ಟವರಿನ ರಿಪೇರಿಗೆ ಹೋಗುವವು, ದಪ್ಪ ಟೈರಿನ ನಾಲ್ಕು ಚಕ್ರದವು, ಎರಡೂ ಕಡೆ ಕಾಲು ಹಾಕಿ ಕುದುರೆ ಸವಾರಿಯ ಹಾಗೆ ಕೂರಬೇಕಾದವು. ಎಲ್ಲಕ್ಕೂ ಗುಡ್ಡದ ಗಾಡಿ ಎಂದು ಒಂದೇ ಹೆಸರು. ಹಿಂದೆ ಇವಕ್ಕೆ ನಂಬರೇ ಇರಲಿಲ್ಲ. ಬೆಳಿಗ್ಗೆ ಯಾರು ಗುಡ್ಡಕ್ಕೆ ಹೋದರು, ಸಂಜೆ ಯಾರು ಬರಲಿಲ್ಲ ಎಂದು ಹೇಳುವವರಿಲ್ಲದೆ ಮೂರು ಜನ ಸತ್ತ ಮೇಲೆ ಕಾಯಿದೆ ಬಂತು. ಪ್ರತಿ ಗಾಡಿಗೂ ಒಂದು ನಂಬರು. ಪ್ಲೇಟು ಹಿಂದುಗಡೆ ಇರಬೇಕು, ಇಪ್ಪತ್ತು ಹೆಜ್ಜೆಯಿಂದ ಕಾಣಬೇಕು. ಗುಡ್ಡದ ಬುಡದ ಗೇಟಿನಲ್ಲಿ ಕಾವಲುಗಾರ ಹೋದ ನಂಬರು, ಬಂದ ನಂಬರು ಬರೆದುಕೊಂಡು ಸಂಜೆ ತಾಳೆ ನೋಡಬೇಕು. ಬಾರದ ನಂಬರಿನ ಮನೆಗೆ ಫೋನು. ಮನೆಯಲ್ಲೂ ಇಲ್ಲ ಎಂದರೆ ಸೈರನ್ನು ಕೂಗಿಸಿ ಹುಡುಕಲು ಜನ ಕಳಿಸಬೇಕು. ನಾಲ್ಕು ಅಂಕಿಯ ಮೇಲೆ ಒಂದು ಜೀವ ನಿಂತಿದೆ ಎಂದು ಹೆಜ್ಜೆಯಣ್ಣ ಹೊಸಬರಿಗೆಲ್ಲ ಹೇಳುತ್ತಿದ್ದರು. ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿತ್ತು.

ಅವರ ಕೆಲಸದ ರೀತಿ ಹೀಗೆ. ಹೊಸ ಗಾಡಿ ಹಳದಿ ಗೆರೆಯ ಮೇಲೆ ಬೆನ್ನು ತೋರಿಸಿ ನಿಲ್ಲುತ್ತದೆ. ಕಿಟಕಿಯಲ್ಲಿ ಕೊಟ್ಟ ಪ್ಲೇಟನ್ನು ಗಾಡಿಯವನೇ ತಿರುಪು ಹಾಕಿ ಕೂರಿಸುತ್ತಾನೆ. ಇವರು ಕಾಗದವನ್ನು ಬಗಲಿಗಿಟ್ಟುಕೊಂಡು, ಗಾಡಿಯ ಹತ್ತಿರದಿಂದ ಹೆಜ್ಜೆ ಎಣಿಸುತ್ತ ಬರುತ್ತಾರೆ, ಇಪ್ಪತ್ತಕ್ಕೆ ಗಕ್ಕನೆ ತಿರುಗುತ್ತಾರೆ, ಒಂದೊಂದೇ ಅಂಕಿಯನ್ನು ಗಟ್ಟಿಯಾಗಿ ಕೂಗುತ್ತಾರೆ. ನಾನು ಕಿಟಕಿಯೊಳಗೆ ಕೂತು ರಿಜಿಸ್ಟರಿನಲ್ಲಿರುವ ನಂಬರಿನೊಂದಿಗೆ ಕಿವಿಯಿಂದಲೇ ತಾಳೆ ನೋಡಿ ಸರಿ ಗುರುತು ಹಾಕುತ್ತೇನೆ. ವರ್ಷಕ್ಕೊಮ್ಮೆ ನವೀಕರಣಕ್ಕೆ ಬಂದಾಗಲೂ ಅದೇ ಹಾಡು. ತಲೆ ಎತ್ತಿ ಗಾಡಿಯನ್ನು ನೋಡುವ ಅಭ್ಯಾಸ ನನಗೆ ಇರಲಿಲ್ಲ. ಹೆಜ್ಜೆಯಣ್ಣ ಓದಿದರೆ ಮುಗಿಯಿತು, ಮತ್ತೆ ನೋಡುವುದೇನಿದೆ ಎನ್ನುವ ಕಾಲ ಅದು.

ಒಂದು ದಿನ ಅಂಗಳದ ಆ ತುದಿಯಲ್ಲಿ ಯಾರೋ ಗೂಟಕ್ಕೆ ಮಳೆಕೋಟು ತೂಗುಹಾಕಿದ್ದರು. ಹೆಜ್ಜೆಯಣ್ಣ ಅದರ ಮುಂದೆ ಹಾದುಹೋಗುವಾಗ ಬಗ್ಗಿ, ನಮಸ್ಕಾರ ಸಾರ್, ಇವತ್ತು ಬೇಗ ಬಂದಿದ್ದೀರಿ ಎಂದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವರು ನಗಲಿಲ್ಲ. ಕಿಟಕಿಗೆ ಬಂದು, ತಂಗಿ, ಯಾರಿಗೂ ಹೇಳಬೇಡ ಎಂದರು. ಕಣ್ಣು ಮಂಜಾಗಿ ಒಂದು ವರ್ಷವಾಗಿತ್ತಂತೆ. ಗೊತ್ತಾದರೆ ಅಂಗಳದಿಂದ ಎತ್ತಿ ಫೈಲು ರೂಮಿಗೆ ಹಾಕುತ್ತಾರೆ ಎಂಬ ಹೆದರಿಕೆ. ಹಾಗಾದರೆ ಈ ವರ್ಷವೆಲ್ಲ ಹೇಗೆ ಓದಿದಿರಿ ಎಂದು ಕೇಳಿದೆ. ಕಾಗದದಲ್ಲಿ ನೋಡಿಕೊಂಡದ್ದು ನೆನಪಿರುತ್ತದಲ್ಲ ಎಂದರು. ನನಗೆ ಮೈಯೆಲ್ಲ ಉರಿಯಿತು. ಅಲ್ಲ ಕಣಣ್ಣ, ನೀವೇ ಹೀಗೆ ಮಾಡಿದರೆ ಹೇಗೆ ಎಂದು ಬೈದು, ಮಧ್ಯಾಹ್ನವೇ ಕೈ ಹಿಡಿದು ಕನ್ನಡಕದ ಅಂಗಡಿಗೆ ಎಳೆದುಕೊಂಡು ಹೋದೆ. ಮರುವಾರ ಕನ್ನಡಕ ಹಾಕಿಕೊಂಡು ಬಂದರು. ಯಾರೂ ಏನೂ ಅನ್ನಲಿಲ್ಲ. ಅಧಿಕಾರಿಯಂತೂ ಗಮನಿಸಲೇ ಇಲ್ಲ. ಇಷ್ಟಕ್ಕೆ ಒಂದು ವರ್ಷ ಸುಳ್ಳು ಓದಿದ್ದರು.

ಆದರೆ ಆ ಒಂದು ವರ್ಷದೊಳಗೆ, ಒಂದು ಮಧ್ಯಾಹ್ನ, ಊಟದ ಹೊತ್ತಿಗೆ ಸರಿಯಾಗಿ ಇಬ್ಬರು ಗೆಳೆಯರು ಬಂದು ಹೋಗಿದ್ದರು. ಇಬ್ಬರೂ ಟವರು ರಿಪೇರಿಯವರು. ಒಂದೇ ದಿನ ಕೊಂಡ, ಒಂದೇ ಬಣ್ಣದ ಎರಡು ಗಾಡಿ. ನಂಬರೂ ಒಂದರ ಹಿಂದೆ ಒಂದು. ಒಬ್ಬನದು ಎರಡು ಆರು ಮೂರು ಎಂಟು, ಇನ್ನೊಬ್ಬನದು ಎರಡು ಆರು ಮೂರು ಒಂಬತ್ತು. ಒಂದೇ ಸ್ಪ್ಯಾನರಿನಲ್ಲಿ ನಗುತ್ತ, ಕಿಚಾಯಿಸುತ್ತ, ಒಬ್ಬರ ಪ್ಲೇಟನ್ನು ಇನ್ನೊಬ್ಬರ ಗಾಡಿಗೆ ಹಾಕಿಕೊಂಡರು. ತಿಳಿದು ಮಾಡಿದ್ದಲ್ಲ. ತಪ್ಪಾದರೆ ಹಿಡಿಯಲಿಕ್ಕೆಂದೇ ಇಪ್ಪತ್ತು ಹೆಜ್ಜೆಯ ಮನುಷ್ಯ ಇದ್ದನಲ್ಲ. ಅವರು ಗಕ್ಕನೆ ತಿರುಗಿ, ಮಂಜಿನಲ್ಲಿ ಎರಡು ಬಿಳಿ ಚೌಕ ನೋಡಿ, ಕಾಗದದಲ್ಲಿದ್ದದ್ದನ್ನು ಕೂಗಿದರು. ನಾನು ತಲೆ ತಗ್ಗಿಸಿಕೊಂಡೇ ಎರಡು ಸರಿ ಗುರುತು ಹಾಕಿದೆ.

ನಾಲ್ಕು ತಿಂಗಳ ಮೇಲೆ, ಕನ್ನಡಕ ಬಂದಾದ ಮೇಲೆಯೇ, ಎಂಟರವನು ಗುಡ್ಡದಿಂದ ವಾಪಸು ಬರಲಿಲ್ಲ. ಅವತ್ತು ಇಬ್ಬರೂ ಗುಡ್ಡಕ್ಕೆ ಹೋಗಿದ್ದರು, ಬೇರೆ ಬೇರೆ ಟವರಿಗೆ. ಒಂಬತ್ತರವನು ಕೆಲಸ ಮುಗಿಸಿ ನಾಲ್ಕೂವರೆಗೆ ಗೇಟು ದಾಟಿದ. ಮುಖ ತುಂಬ ಧೂಳು, ಬಾಯಿಗೆ ಬಟ್ಟೆ. ಗೇಟಿನ ಕಾವಲುಗಾರ ಹಿಂದಿನ ಪ್ಲೇಟು ನೋಡಿ ಎಂಟು ಬಂತು ಎಂದು ಬರೆದ. ಅಲ್ಲಿದ್ದದ್ದು ಎಂಟೇ. ಸಂಜೆ ತಾಳೆ ನೋಡಿದಾಗ ಒಂಬತ್ತು ಬಂದಿರಲಿಲ್ಲ. ಒಂಬತ್ತರ ಮನೆಗೆ ಫೋನು ಮಾಡಿದರೆ, ನಾನು ಆಗಲೇ ಬಂದಿದ್ದೀನಲ್ಲ, ಸ್ನಾನ ಮಾಡ್ತಿದ್ದೆ ಎಂದು ಅವನೇ ಮಾತಾಡಿದ. ಗೇಟಿನ ಮೇಲ್ವಿಚಾರಕ ಕಾವಲುಗಾರನಿಗೆ, ಒಂಬತ್ತು ಬಂದದ್ದನ್ನು ಬರೆಯದೆ ಬಿಟ್ಟಿದ್ದೀಯ, ಕಣ್ಣು ಬಿಟ್ಟು ಬರಿಯಯ್ಯ ಎಂದು ಬೈದು ಪುಸ್ತಕ ಮುಚ್ಚಿಸಿದ. ಸೈರನ್ನು ಕೂಗಲಿಲ್ಲ.

ಎಂಟರವನಿಗೆ ಮನೆಯಲ್ಲಿ ತಾಯಿ ಒಬ್ಬರೇ. ಅವರು ದಾರಿ ಕಾದು ಸಾಕಾಗಿ ಗೇಟಿಗೇ ಹೋದರು. ಕಾವಲುಗಾರ ಪಾಪ, ಪುಸ್ತಕ ತೆರೆದು ತೋರಿಸಿದ. ನೋಡಿಯಮ್ಮ, ನಾಲ್ಕೂವರೆಗೇ ಬಂದಾಯ್ತು. ತಾಯಿಗೆ ಜೀವ ಬಂತು. ಮಗ ಯಾರದೋ ಮನೆಯಲ್ಲಿ ಉಳಿದಿರಬೇಕು, ನಾಳೆ ಬರಲಿ ಮಾಡುತ್ತೇನೆ ಎಂದು ಬೈದುಕೊಳ್ಳುತ್ತ ವಾಪಸಾದರು. ಮರುದಿನ ಮಧ್ಯಾಹ್ನ ಬೇರೆ ಟವರಿನ ಕೆಲಸಗಾರರು ಕೊರಕಲಿನಲ್ಲಿ ಅವನನ್ನು ಕಂಡರು. ಎರಡೂ ಕಾಲು ಗಾಡಿಯ ಕೆಳಗೆ ಸಿಕ್ಕಿತ್ತು. ಬೆಳಗಿನ ಜಾವದವರೆಗೂ ಜೀವ ಇತ್ತು ಎಂದು ಡಾಕ್ಟರು ಬರೆದರು. ಗಾಡಿಯನ್ನು ಮೇಲೆತ್ತಲು ಆಗಲಿಲ್ಲ. ಕೈಗೆ ಸಿಕ್ಕ ಬೂಟು, ಸಾಮಾನಿನ ಚೀಲ, ಕಿತ್ತು ಬಂದಿದ್ದ ನಂಬರ್ ಪ್ಲೇಟು ತಾಯಿಯ ಕೈಗೆ ಕೊಟ್ಟರು. ಆ ಗಡಿಬಿಡಿಯಲ್ಲಿ ಪ್ಲೇಟಿನ ಮೇಲೇನಿದೆ ಎಂದು ಯಾರು ನೋಡುತ್ತಾರೆ.

ವಿಚಾರಣೆ ನಡೆಯಿತು. ಸತ್ತವನ ಕಾಗದದಲ್ಲಿ ಎಂಟು ಇದೆ, ಗೇಟಿನ ಪುಸ್ತಕದಲ್ಲಿ ಎಂಟು ವಾಪಸು ಬಂದಿದೆ ಎಂದಿದೆ. ಹಾಗಾದರೆ ಕಾವಲುಗಾರನೇ ತಪ್ಪು ಬರೆದ. ಕಂಡದ್ದನ್ನೇ ಬರೆದೆ ಎಂದು ಅವನು ಅತ್ತ. ಹೆಜ್ಜೆಯಣ್ಣನನ್ನು ಕರೆದು ಕೇಳಿದರು. ಇವರು ಎದೆ ಸೆಟೆಸಿ, ಆ ಪ್ಲೇಟು ನಾನೇ ಓದಿದ್ದು, ಸರಿಯಾಗಿತ್ತು ಎಂದು ಹೇಳಿ ಬಂದರು. ಬಂದವರು ಚಹಾ ಕುಡಿಯುತ್ತ ಕಾವಲುಗಾರನನ್ನು ಹಿಗ್ಗಾಮುಗ್ಗಾ ಬೈದರು. ನಾನೂ ಎರಡು ಸೇರಿಸಿದೆ. ಅವನ ಕೆಲಸ ಹೋಯಿತು. ಜನ ಅವನನ್ನು ನೋಡಿದರೆ ಮುಖ ತಿರುಗಿಸುತ್ತಿದ್ದರು. ಕೊನೆಗೆ ನಮ್ಮ ಆಫೀಸಿನ ಎದುರಿಗೇ, ಬೀದಿ ನಲ್ಲಿಯ ಪಕ್ಕ ಬಕೆಟ್ಟು ಇಟ್ಟುಕೊಂಡು ಗುಡ್ಡದ ಗಾಡಿಗಳ ಧೂಳು ತೊಳೆಯುವ ಕೆಲಸ ಹಿಡಿದ. ಬೇರೆಲ್ಲ ಹೇಗೋ ಉಜ್ಜುತ್ತಿದ್ದ. ನಂಬರ್ ಪ್ಲೇಟು ಬಂದಾಗ ಮಾತ್ರ ಬ್ರಷ್ಷು ಕೆಳಗಿಟ್ಟು, ಬೆರಳಿನಿಂದ ಒಂದೊಂದೇ ಅಂಕಿಯ ಮೇಲೆ ಹಾಯಿಸಿ ಹಾಯಿಸಿ ತೊಳೆಯುತ್ತಿದ್ದ.

ಹೆಜ್ಜೆಯಣ್ಣನಿಗೆ ಸತ್ಯ ಗೊತ್ತಾದದ್ದು ನವೀಕರಣದ ತಿಂಗಳಲ್ಲಿ. ನಾನು ರಜೆಯಲ್ಲಿದ್ದ ದಿನ ಬದುಕಿದ ಗೆಳೆಯ ಗಾಡಿ ತಂದು ಹಳದಿ ಗೆರೆಯ ಮೇಲೆ ನಿಲ್ಲಿಸಿದ. ಇವರು ಕನ್ನಡಕದೊಳಗಿಂದ ನೋಡಿದರು. ಕಾಗದದಲ್ಲಿ ಒಂಬತ್ತು, ಗಾಡಿಯ ಮೇಲೆ ಎಂಟು. ಎಷ್ಟು ಹೊತ್ತಾದರೂ ಕೂಗು ಬರಲಿಲ್ಲ. ಗೆಳೆಯ ಹಿಂದೆ ಬಂದು ತನ್ನದೇ ಪ್ಲೇಟನ್ನು ಮೊದಲ ಸಲ ಸರಿಯಾಗಿ ನೋಡಿದ. ಅವನ ಮುಖ ಸುಣ್ಣದಂತಾಯಿತಂತೆ. ಇಬ್ಬರಿಗೂ ಒಟ್ಟಿಗೇ ಅರ್ಥವಾಯಿತು. ಹೆಜ್ಜೆಯಣ್ಣ ಪ್ಲೇಟು ಕಳೆದುಹೋಗಿದೆ ಎಂದು ಅವನ ಕೈಯಲ್ಲಿ ಬರೆಸಿಕೊಂಡು ಹೊಸ ಒಂಬತ್ತನ್ನು ಕೊಟ್ಟರು. ಹಳೆಯ ಎಂಟನ್ನು ತಮ್ಮ ಮೇಜಿನ ಕೆಳ ಡ್ರಾಯರಿಗೆ ಹಾಕಿ ಬೀಗ ಜಡಿದರು. ಗೆಳೆಯ ಆ ತಿಂಗಳೇ ಗಾಡಿ ಮಾರಿ ಊರು ಬಿಟ್ಟ. ಇದೆಲ್ಲ ನನಗೆ ತಿಳಿದದ್ದು ಮೂರನೆಯ ವರ್ಷದಲ್ಲಿ.

ಗೆಳೆಯ ಬಂದುಹೋದ ವಾರವೇ ಆ ತಾಯಿ ಬಂದರು. ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಪ್ಲೇಟು. ಮಗನ ನಂಬರನ್ನು ನವೀಕರಿಸಬೇಕು ಎಂದರು. ಗಾಡಿಯೇ ಇಲ್ಲವಲ್ಲಮ್ಮ, ರದ್ದು ಮಾಡಿಸಿ ಎಂದೆ. ಬೇಡ, ರದ್ದು ಮಾಡಿದರೆ ಇನ್ನೊಬ್ಬರಿಗೆ ಕೊಡುತ್ತೀರಿ ಎಂದರು. ಅಧಿಕಾರಿ ಹೊರಗೆ ಬಂದು ನೋಡಿ, ಹೋಗಲಿ ಮಾಡಿಕೊಡಿ, ಯಾರಿಗೇನು ನಷ್ಟ ಎಂದು ಒಳಗೆ ಹೋದರು. ಅರ್ಜಿ ನಾನೇ ಬರೆದೆ. ಅವರಿಗೆ ಓದು ಬರಹ ಬರುತ್ತದೋ ಇಲ್ಲವೋ ಎಂದು ಕೇಳಲೂ ಇಲ್ಲ. ಇಂಕಿನ ಡಬ್ಬಿ ಮುಂದೆ ತಳ್ಳಿದೆ. ಅವರು ಒಂದು ಕ್ಷಣ ನನ್ನನ್ನು ನೋಡಿ ಹೆಬ್ಬೆಟ್ಟು ಒತ್ತಿದರು.

ಆಮೇಲೆ ಹಳದಿ ಗೆರೆಯ ಮೇಲೆ ಹೋಗಿ ನಿಂತರು. ಗಾಡಿ ಇರಬೇಕಾದ ಜಾಗದಲ್ಲಿ ಅವರು. ಬಟ್ಟೆ ಬಿಚ್ಚಿ, ಮೂಲೆ ಸೊಟ್ಟಗಾಗಿದ್ದ ಪ್ಲೇಟನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದರು. ಹೆಜ್ಜೆಯಣ್ಣ ಹೆಜ್ಜೆ ಎಣಿಸುತ್ತ ಬಂದು ತಿರುಗಿದರು. ತಾಯಿಯ ಎದೆಯ ಮೇಲೆ ಇದ್ದದ್ದು ಒಂಬತ್ತು. ಇವರು ಓದಿದ್ದು, ಎರಡು, ಆರು, ಮೂರು, ಎಂಟು.

“ಇನ್ನೊಂದ್ಸಲ ಓದಿ,” ಎಂದರು ತಾಯಿ.

ಮತ್ತೆ ಎಂಟು ಎಂದರು. ತಾಯಿ ಪ್ಲೇಟನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋದರು. ಮಗನ ನಂಬರನ್ನು ಎರಡು ಸಲ ಕೇಳುವ ಆಸೆ, ಪಾಪ, ಎಂದು ನಾನು ಕಣ್ಣೊರೆಸಿಕೊಂಡೆ. ತಲೆ ಎತ್ತಿ ನೋಡಿದ್ದರೂ ನೀರಿನಲ್ಲಿ ನನಗೇನೂ ಕಾಣುತ್ತಿರಲಿಲ್ಲ.

ಅಲ್ಲಿಂದ ಹೆಜ್ಜೆಯಣ್ಣನಿಗೆ ಹಿಡಿಯಿತು. ಏನು ಎಂದು ಕೇಳಬೇಡಿ, ನಾನು ಇಂಥದ್ದನ್ನು ನಂಬುವವಳಲ್ಲ. ದಾರಿಯಲ್ಲಿ ಕಂಡ ಅಂಕಿಯನ್ನೆಲ್ಲ ಗಟ್ಟಿಯಾಗಿ ಓದುವುದು ಶುರುವಾಯಿತು. ಮನೆಯ ಬಾಗಿಲ ನಂಬರು, ಬಸ್ಸಿನ ನಂಬರು, ಹಿಟ್ಟಿನ ಚೀಲದ ಮೇಲಿನ ತಾರೀಕು. ಓದಿದ ಮೇಲೆ ಹತ್ತಿರ ಹೋಗಿ ಮುಟ್ಟಿ ನೋಡಬೇಕು. ಅತ್ತಿಗೆ ಒಂದು ದಿನ ನನ್ನ ಹತ್ತಿರ, ನಿಮ್ಮಣ್ಣ ಅಡಿಗೆಮನೆ ಡಬ್ಬಿಗಳಿಗೆಲ್ಲ ಪಾಠ ಹೇಳ್ತಾರಮ್ಮ ಎಂದು ನಗಲು ಹೋಗಿ ಅತ್ತುಬಿಟ್ಟರು. ಗಾಡಿಗಳೆಲ್ಲ ಹೋಗಿ ಅಂಗಳ ಖಾಲಿಯಾದರೆ ಇವರು ಅಲ್ಲಿ ನಿಲ್ಲುತ್ತಿರಲಿಲ್ಲ. ಹಳದಿ ಗೆರೆಯ ಮೇಲೆ ಯಾರೋ ಬೆನ್ನು ಹಾಕಿ ನಿಂತಿದ್ದಾರೆ, ಇನ್ನೊಂದು ಸಲ ಅನ್ನುತ್ತಿದ್ದಾರೆ ಎಂದು ಬೆವರುತ್ತಿದ್ದರು. ಮಧ್ಯಾಹ್ನದ ಬಿಸಿಲಿನಲ್ಲಿ, ಎಲ್ಲರ ಎದುರಿಗೆ.

ಮೂರನೆಯ ವರ್ಷ ನನ್ನನ್ನು ಕರೆದು ಡ್ರಾಯರಿನ ಬೀಗ ತೆಗೆದರು. ಎಂಟರ ಪ್ಲೇಟಿನ ಮೇಲೆ ಕೆಂಪು ಧೂಳು ಬೆರಳಿನಷ್ಟು ದಪ್ಪ ಕೂತಿತ್ತು. ನಮ್ಮ ಊರಿನ ಧೂಳು ಬೂದು ಬಣ್ಣ. ಕೆಂಪು ಗುಡ್ಡದ್ದು. ದಿನಾ ಬೆಳಿಗ್ಗೆ ಒರೆಸುತ್ತೇನೆ ತಂಗಿ, ದಿನಾ ಕೂರುತ್ತದೆ ಎಂದರು. ಸುಮ್ಮನಿರಿ ಎಂದು ಗದರಿ ನಾನೇ ಒದ್ದೆ ಬಟ್ಟೆಯಲ್ಲಿ ಒರೆಸಿ, ಬೀಗ ಹಾಕಿ, ಬೀಗದ ಕೈ ನನ್ನ ಮನೆಗೆ ಒಯ್ದೆ. ಮರುದಿನ ತೆರೆದಾಗ ಬೆರಳು ಹಚ್ಚಿ ನೋಡಿದೆ. ಕೈ ಕೆಂಪಾಯಿತು. ಅವತ್ತು ಅವರು ಎಲ್ಲವನ್ನೂ ಹೇಳಿದರು.

ಕೇಳಿ ನಾನು ಯಾಕೆ ಬಾಯಿ ಬಿಡಲಿಲ್ಲ ಎಂದರೆ, ಆ ರಿಜಿಸ್ಟರಿನ ಸರಿ ಗುರುತು ನನ್ನದು. ಅಷ್ಟೇ. ಎದುರಿನ ನಲ್ಲಿಯ ಹತ್ತಿರ ಆ ಕಾವಲುಗಾರ ಬೆರಳಿನಿಂದ ಅಂಕಿ ತೊಳೆಯುವುದು ನನ್ನ ಕಿಟಕಿಯಿಂದ ಕಾಣುತ್ತಿತ್ತು. ನಾನು ಪರದೆ ಹಾಕಿಸಿಕೊಂಡೆ.

ಆರು ವರ್ಷ ತಾಯಿ ಬಂದರು, ಆರು ವರ್ಷವೂ ಎದೆಗೆ ಒಂಬತ್ತನ್ನು ಹಿಡಿದರು, ಆರು ವರ್ಷವೂ ಇವರು ಎಂಟು ಎಂದು ಓದಿದರು. ಪ್ರತಿ ಸಲವೂ ತಾಯಿ ಇನ್ನೊಂದ್ಸಲ ಎನ್ನುತ್ತಿದ್ದರು. ಏಳನೆಯ ವರ್ಷಕ್ಕೆ ಹೆಜ್ಜೆಯಣ್ಣನ ಕೆಲಸ ಮುಗಿಯಲು ಒಂದು ತಿಂಗಳಿತ್ತು. ಮುಂದಿನ ತಿಂಗಳಿಂದ ಗೋಡೆಗೆ ಕ್ಯಾಮೆರಾ, ಅದೇ ಓದುತ್ತದೆ ಎಂದು ಸುತ್ತೋಲೆ ಬಂದಿತ್ತು. ಮುಂದಿನ ವರ್ಷ ಆ ತಾಯಿ ಬಂದರೆ ಕ್ಯಾಮೆರಾ ಒಂಬತ್ತು ಅನ್ನುತ್ತದಣ್ಣ, ಆಗ ನಾನು ಏನು ಹೇಳಲಿ ಎಂದೆ. ಈ ಸಲ ಬಾಯಿ ಬಿಡದಿದ್ದರೆ ಕಾವಲುಗಾರ ಸಾಯುವವರೆಗೂ ಕೊಲೆಗಾರನೇ ಎಂಬುದು ಇಬ್ಬರಿಗೂ ಗೊತ್ತಿತ್ತು.

ತಾಯಿ ಬಂದರು. ಇನ್ನೂ ಸಣ್ಣಗಾಗಿದ್ದರು, ಪ್ಲೇಟು ಎದೆಯಿಂದ ಆಚೀಚೆ ಚಾಚುತ್ತಿತ್ತು. ಹೆಜ್ಜೆಯಣ್ಣ ಎಣಿಸುತ್ತ ಬಂದು, ತಗ್ಗಿನಲ್ಲಿ ಕಾಲಿಟ್ಟು ತಿರುಗಿದರು. ನಾನು ಪರದೆ ಸರಿಸಿದ್ದೆ. ಎರಡು ಎಂದರು. ಆರು ಎಂದರು. ಮೂರು ಎಂದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಒಂಬತ್ತು,” ಎಂದರು.

ತಾಯಿ ಇನ್ನೊಂದ್ಸಲ ಎನ್ನಲಿಲ್ಲ. ಪ್ಲೇಟನ್ನು ಇಳಿಸಿ, ಆ ಇಪ್ಪತ್ತು ಹೆಜ್ಜೆಯನ್ನು ತಾವೇ ನಡೆದು ಬಂದು ಅವರ ಮುಂದೆ ನಿಂತರು.

“ಆವತ್ತು ಕಣ್ಣು ಕಾಣ್ತಿರ್ಲಿಲ್ಲ ಅಂತ ಕನ್ನಡಕದ ಅಂಗಡಿಯವ್ರಿಂದ ಆಮೇಲೆ ಗೊತ್ತಾಯ್ತು ನಂಗೆ. ಅದನ್ನ ಹೊಟ್ಟೆಗೆ ಹಾಕ್ಕೊಂಡೆ. ಆದ್ರೆ ಆರು ವರ್ಷ ಕನ್ನಡಕ ಹಾಕ್ಕೊಂಡು ಓದಿದ್ರಲ್ಲ.”

ಹೆಜ್ಜೆಯಣ್ಣ ಕೈ ಮುಗಿಯಲು ಹೋದರು. ತಾಯಿ ಅದನ್ನು ನೋಡಲೇ ಇಲ್ಲ. ಕಿಟಕಿಗೆ ಬಂದು ಕೈ ಚಾಚಿದರು. ನಾನು ಅಭ್ಯಾಸ ಬಲದಿಂದ ಇಂಕಿನ ಡಬ್ಬಿ ತಳ್ಳಿದೆ.

“ಪೆನ್ನು ಕೊಡು ತಂಗಿ,” ಎಂದರು.

ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಪ್ಲೇಟು ಸುತ್ತಿದ್ದ ಬಟ್ಟೆಯ ಮಡಿಕೆಯಿಂದ ಅವರು ಒಂದು ಕಾಗದ ತೆಗೆದರು. ದುಂಡಗಿನ, ಒಪ್ಪವಾದ ಅಕ್ಷರ. ಗೇಟಿನ ಕಾವಲುಗಾರ ಕಂಡದ್ದನ್ನೇ ಬರೆದಿದ್ದ, ನನ್ನ ಮಗನ ಗಾಡಿಯ ಮೇಲಿದ್ದದ್ದು ಈ ನಂಬರು, ಇದನ್ನು ಓದಿ ಒಪ್ಪಿದವರ ಸಹಿ ಕೆಳಗಿದೆ. ಸಹಿಯ ಜಾಗ ಖಾಲಿ. ಮೇಲೆ ಇಸವಿ ಬರೆದು ಹೊಡೆದುಹಾಕಿ, ಪಕ್ಕದಲ್ಲಿ ಮುಂದಿನದನ್ನು ಬರೆದು ಅದನ್ನೂ ಹೊಡೆದುಹಾಕಿ, ಹೀಗೆ ಆರು. ಅವರು ಏಳನೆಯದನ್ನು ಹೊಡೆದುಹಾಕದೆ ಬಿಟ್ಟು ತಮ್ಮ ಹೆಸರು ಬರೆದರು. ವಿಚಾರಣೆಯವರಿಗೆ ಮೊದಲೇ ಹೇಳಿದ್ದರಂತೆ. ಓದುವ ಸಾಹೇಬರು ಸರಿ ಇದೆ ಅಂದಿದ್ದಾರೆ, ನಿಮಗೆ ದುಃಖದಲ್ಲಿ ಏನೋ ಕಾಣುತ್ತಿದೆ ಎಂದು ಕಳಿಸಿದ್ದರಂತೆ. ಅದಕ್ಕೇ ಓದಿದವರ ಬಾಯಿಂದಲೇ ಬರಬೇಕಿತ್ತು. ಹೆಜ್ಜೆಯಣ್ಣ ಸಹಿ ಹಾಕಿದರು. ಯಾರೂ ಕೇಳದಿದ್ದರೂ ಅದರ ಕೆಳಗೆ ನಾನೂ ಹಾಕಿದೆ.

“ನನ್ನ ಮಗನ್ದು ಎಲ್ಲಿದೆ?” ಎಂದು ಕೇಳಿದರು ತಾಯಿ.

ಹೆಜ್ಜೆಯಣ್ಣ ಡ್ರಾಯರು ತೆರೆದರು. ತಾಯಿ ಎಂಟನ್ನು ಎತ್ತಿಕೊಂಡು, ಅದರ ಕೆಂಪು ಧೂಳನ್ನು ಒರೆಸದೆ, ಹಾಗೆಯೇ ಬಟ್ಟೆಯಲ್ಲಿ ಸುತ್ತಿಕೊಂಡರು. ಒಂಬತ್ತನ್ನು ಮೇಜಿನ ಮೇಲೆ, ಹೆಜ್ಜೆಯಣ್ಣನ ಕಡೆಗೆ ಮುಖ ಮಾಡಿ ಇಟ್ಟರು. ಇದು ನಿಮ್ಮದು ಎಂದರು. ಹೊರಗೆ ಹೋಗಿ, ರಸ್ತೆ ದಾಟಿ, ನಲ್ಲಿಯ ಹತ್ತಿರ ಗಾಡಿ ತೊಳೆಯುತ್ತಿದ್ದ ಕಾವಲುಗಾರನ ಕೈಗೆ ಆ ಕಾಗದ ಕೊಟ್ಟರು. ಅವನು ಓದುತ್ತ ಓದುತ್ತ ಬಕೆಟ್ಟಿನ ಪಕ್ಕ ನೆಲಕ್ಕೇ ಕೂತುಬಿಟ್ಟ.

ಕಾವಲುಗಾರನಿಗೆ ಗೇಟಿನ ಪುಸ್ತಕ ವಾಪಸು ಸಿಕ್ಕಿತು. ಹೆಜ್ಜೆಯಣ್ಣನನ್ನು ತಿಂಗಳು ಮುಗಿಯುವ ಮುಂಚೆಯೇ ಮನೆಗೆ ಕಳಿಸಿದರು, ಹೂವಿಲ್ಲ, ಭಾಷಣವಿಲ್ಲ. ನನ್ನನ್ನು ಫೈಲು ರೂಮಿಗೆ ಹಾಕಿದರು. ಅಲ್ಲಿ ಕಿಟಕಿ ಇಲ್ಲ. ತಾಯಿ ಮತ್ತೆ ನವೀಕರಣಕ್ಕೆ ಬರಲಿಲ್ಲ.

ಈಗ ಹೆಜ್ಜೆಯಣ್ಣ ದಿನಾ ಸಂಜೆ ಗುಡ್ಡದ ಗೇಟಿಗೆ ಹೋಗಿ ಕಲ್ಲುಬೆಂಚಿನ ಮೇಲೆ ಕೂರುತ್ತಾರೆ. ಬನ್ನಿ ಎಂದು ಕಾವಲುಗಾರ ಹೇಳಿಲ್ಲ, ಬರಬೇಡಿ ಎಂದೂ ಹೇಳಿಲ್ಲ. ಹೋದ ವಾರ ನಾನೂ ಹೋಗಿದ್ದೆ. ಕೊನೆಯ ಗಾಡಿ ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಹೆಜ್ಜೆಯಣ್ಣ ಬೆಂಚಿನಿಂದ ಎದ್ದು ನಂಬರನ್ನು ಒಂದೊಂದೇ ಅಂಕಿಯಾಗಿ ಕೂಗಿದರು, ಸರಿಯಾಗಿಯೇ ಓದಿದರು. ಕಾವಲುಗಾರ ಅವರ ಕಡೆ ತಿರುಗಲಿಲ್ಲ. ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಗಾಡಿಯ ಹತ್ತಿರ ನಡೆದುಹೋಗಿ, ಪ್ಲೇಟಿನ ಧೂಳನ್ನು ಬೆರಳಿನಿಂದ ಒರೆಸಿ, ನೋಡಿ, ಬರೆದುಕೊಂಡ.